ಅನುಮತಿ ಪತ್ರ ನಂಬರು ಒಂದು

ಈ ಭಾನುವಾರ ನಾನು ಮಾಡಿದ ಕೆಲಸಗಳು ಇವು: ಬಾವಿಯಿಂದ ಆರು ಬಿಂದಿಗೆ ನೀರು ಸೇದಿದ್ದು, ತುಳಸಿಕಟ್ಟೆಯ ಬಿರುಕಿಗೆ ಗಾರೆ ಮೆತ್ತಿದ್ದು, ಕೊಡೆಯ ಮುರಿದ ಕಡ್ಡಿಗೆ ದಾರ ಸುತ್ತಿದ್ದು, ಹುಡುಗರ ಲೆಕ್ಕದ ಪುಸ್ತಕ ಹನ್ನೊಂದು ತಿದ್ದಿದ್ದು, ಶಾಯಿಪುಡಿ ಕಲಸಿ ದೌತಿ ತುಂಬಿದ್ದು, ಎಮ್ಮೆಗೆ ಹುಲ್ಲು ಹಾಕಿರೆಂದು ಪಕ್ಕದ ಮನೆಯವರಿಗೆ ಹೇಳಿದ್ದು, ಹೆಂಡತಿಯ ಸಮೇತ ಮೋಟಾರು ಬಸ್ಸಿನಲ್ಲಿ ಮಳವಳ್ಳಿಗೆ ಹೋದದ್ದು, ಅಲ್ಲಿ ನಮ್ಮ ಸ್ಕೂಲಿನ ಹುಡುಗರು ನಾಟಕ ಆಡಲು ಗ್ರಂಥಕರ್ತರಿಂದ ಲಿಖಿತ ಅನುಮತಿ ಪಡೆದದ್ದು, ನಾಟಕವನ್ನು ಕಳೆದುಕೊಂಡದ್ದು.

ಕೊನೆಯ ಎರಡು ಬಾಬುಗಳು ಒಂದೇ ಮನೆಯ ಒಂದೇ ಜಗಲಿಯ ಮೇಲೆ ಹೇಗೆ ನಡೆದವು ಎಂಬುದನ್ನು ವಿವರವಾಗಿ ಬರೆದಿಡುವುದು ಅಗತ್ಯ. ನಾಳೆ ಹೆಡ್‌ಮೇಷ್ಟ್ರು ಕೇಳುತ್ತಾರೆ!

ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ನಾನು ಸೆಕೆಂಡ್ ಮೇಷ್ಟ್ರು. ಹಾಜರಿ ಪುಸ್ತಕದಲ್ಲಿ ಇದುವರೆಗೆ ಒಂದು ಅಕ್ಷರವನ್ನೂ ಹೊಡೆದುಹಾಕಿದವನಲ್ಲ. ಅಚ್ಚಾದದ್ದನ್ನೆಲ್ಲ ನಂಬುವ ಪೈಕಿ. ರೈಲಿನ ಡಬ್ಬಿಯಲ್ಲಿ ‘ಉಗುಳಕೂಡದು’ ಎಂದು ಬರೆದಿದೆಯೆಂದು, ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಮದ್ದೂರಿನಿಂದ ಮಂಡ್ಯದವರೆಗೆ ಗುಮ್ಮೆಂದು ಕೂತು, ಎದುರಿಗಿದ್ದವರು ನಾನು ಮೂಗನೆಂದು ತಿಳಿದು ಕನಿಕರಪಟ್ಟು ಬಾಳೆಹಣ್ಣು ಕೊಟ್ಟ ಪ್ರಸಂಗವೂ ಉಂಟು. ಇಂಥ ಮನುಷ್ಯನ ಕೈಗೆ ನಾಟಕದ ಪುಸ್ತಕ ಸಿಗಬಾರದಿತ್ತು.

ಸಿಕ್ಕಿತು. ಹೋದ ತಿಂಗಳು ಸ್ಕೂಲಿನ ಬೀರು ಒರೆಸುವಾಗ ಹಳೆಯ ಭೂಪಟಗಳ ಹಿಂದೆ ಒಂದು ತೆಳ್ಳನೆಯ ಪುಸ್ತಕ ಬಿದ್ದಿತ್ತು. ‘ಧೀರಕೇತು ನಾಟಕವು. ನಾಲ್ಕು ಅಂಕಗಳುಳ್ಳದ್ದು. ಗ್ರಂಥಕರ್ತರು ಮಳವಳ್ಳಿ ತಮ್ಮಣ್ಣಯ್ಯನವರು.’

ನಾನು ಬೀರುವಿನ ಮುಂದೆ ನೆಲದ ಮೇಲೆಯೇ ಕೂತುಬಿಟ್ಟೆ.

ಕಾರಣವಿದೆ. ನನ್ನ ಹೆಂಡತಿ ನಂಜಮ್ಮನ ತವರು ಮಳವಳ್ಳಿ. ಆಗಿನ ಶಿರಸ್ತೇದಾರ್ ತಮ್ಮಣ್ಣಯ್ಯನವರ ಮನೆಗೂ ಅವಳ ತಂದೆಯ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಇಪ್ಪತ್ತೆರಡು ವರ್ಷದ ಹಿಂದೆ ಶಿರಸ್ತೇದಾರರು ನಾಟಕ ಬರೆದು, ಒಂದು ಕಂಪನಿಯವರನ್ನು ಕರೆಸಿ, ತಮ್ಮ ಹಿಂದಿನ ಕೋಣೆಯಲ್ಲಿ ದಿನಾ ಮಧ್ಯಾಹ್ನ ಅಭ್ಯಾಸ ಮಾಡಿಸುತ್ತಿದ್ದರು. ಹೆಣ್ಣುಮಕ್ಕಳು ಹೋಗಿ ನೋಡುವ ಹಾಗಿಲ್ಲ. ಹದಿನಾಲ್ಕು ವರ್ಷದ ನಂಜಮ್ಮ ಗೋಡೆಯ ಈಚೆ ಬೀಸುವ ಕಲ್ಲಿನ ಮುಂದೆ ಕೂತು, ಬೀಸುವುದನ್ನು ಬಿಟ್ಟು, ಕೇಳುತ್ತಿದ್ದಳು. ಒಂದು ಅಂಕ ಮುಗಿದು ಎರಡಾಯಿತು. ಎರಡು ಮುಗಿದು ಮೂರಾಯಿತು. ಮೂರನೆಯ ಅಂಕದ ಕೊನೆಯಲ್ಲಿ, ಯುದ್ಧಕ್ಕೆ ಹೋದ ಧೀರಕೇತು ರಾಜನಿಗಾಗಿ ಸುಮತಿ ರಾಣಿ ಕೋಟೆಯ ಬಾಗಿಲಲ್ಲಿ ದೀಪವಿಟ್ಟುಕೊಂಡು ಕಾಯುತ್ತಿರುವಾಗ, ಯಾರೋ ಹೊರಗಿನಿಂದ ಮೂರು ಸಲ ಬಾಗಿಲು ತಟ್ಟುತ್ತಾರೆ. ತೆರೆ ಬೀಳುತ್ತದೆ!

ನಾಲ್ಕನೆಯ ಅಂಕದ ಅಭ್ಯಾಸ ಮಾರನೆಯ ದಿನ ಎಂದು ಗೊತ್ತಾಗಿತ್ತು. ಮಾರನೆಯ ದಿನ ಬೆಳಿಗ್ಗೆ ಅವಳನ್ನು ಗಂಡನ ಮನೆಗೆ ಕಳಿಸಿಕೊಟ್ಟರು. ಆ ಗಂಡ ನಾನೇ.

ನಾಟಕವನ್ನು ಒಂದೇ ಒಂದು ಸಲ ಆಡಿದರು. ಅವಳ ಅಣ್ಣ ಹೋಗಿದ್ದವನು ಎರಡನೆಯ ಅಂಕಕ್ಕೇ ನಿದ್ದೆ ಹೋದ. ಮನೆಗೆಲಸದವಳು ರಾಜ ಬಂದ ಎಂದಳು. ಹೂವಿನವಳು ರಾಣಿ ಸತ್ತಳು ಎಂದಳು. ಕಂಪನಿ ಒಡೆದುಹೋಯಿತು. ಆಮೇಲೆ ಆ ಮನೆಯಲ್ಲಿ ನಾಟಕದ ಮಾತೆತ್ತಿದರೆ ಶಿರಸ್ತೇದಾರರು ಊಟ ಬಿಟ್ಟು ಏಳುತ್ತಿದ್ದರಂತೆ, ಯಾರೂ ಎತ್ತಲಿಲ್ಲ. ಹೀಗಾಗಿ ಇಪ್ಪತ್ತೆರಡು ವರ್ಷದಿಂದ ನಮ್ಮ ಮನೆಯ ಬಾಗಿಲನ್ನು ಯಾರಾದರೂ ತಟ್ಟಿದರೆ, ಹಾಲಿನವನಾಗಲಿ, ಟಪಾಲಿನವನಾಗಲಿ, ನಂಜಮ್ಮ ಒಂದು ಕ್ಷಣ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾಳೆ. ‘ಕೋಟೆ ಬಾಗಿಲು ತಟ್ಟಿದ ಹಾಗಾಯ್ತು’ ಎನ್ನುತ್ತಾಳೆ. ಆಮೇಲೆ ಹೋಗಿ ತೆಗೆಯುತ್ತಾಳೆ. ಬಂದವನು ಹಾಲಿನವನೇ ಆಗಿರುತ್ತಾನೆ.

ಆದುದರಿಂದ ನಾನು ಕೈಗೊಂಡ ತೀರ್ಮಾನ ಹೀಗಿತ್ತು: ಈ ವರ್ಷದ ಶಾಲೆಯ ವಾರ್ಷಿಕೋತ್ಸವದಲ್ಲಿ ನಮ್ಮ ಹುಡುಗರು ‘ಧೀರಕೇತು’ ಆಡತಕ್ಕದ್ದು, ಮುಂದಿನ ಸಾಲಿನ ಚಾಪೆಯ ಮೇಲೆ ನಂಜಮ್ಮ ಕೂತು ನಾಲ್ಕನೆಯ ಅಂಕ ನೋಡತಕ್ಕದ್ದು. ಹೊರಗೆ ಹೇಳಿಕೊಂಡದ್ದು ಮಾತ್ರ, ಹುಡುಗರ ಉಚ್ಚಾರಣೆ ಸುಧಾರಿಸುತ್ತದೆ ಎಂದು.

ಪುಸ್ತಕವನ್ನು ಮನೆಗೆ ತಂದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡು, ಎರಡು ಕೈಯಲ್ಲಿ ಇಸಕೊಂಡಳು. ತಿರುಗಿಸಿದಳು. ಮೂರು ಅಂಕದವರೆಗೆ ಹಾಳೆ ಬಿಡಿಸಿತ್ತು. ನಾಲ್ಕನೆಯ ಅಂಕದ ಹಾಳೆಗಳ ಅಂಚನ್ನು ಯಾರೂ ಕತ್ತರಿಸಿಯೇ ಇರಲಿಲ್ಲ! ಅಚ್ಚುಕೂಟದಿಂದ ಬಂದ ಹಾಗೆ ಮಡಿಸಿಕೊಂಡು, ಮುಚ್ಚಿದ ಕೋಟೆಯಂತೆ ಕೂತಿದ್ದವು. ಮಡಿಕೆಯ ಸಂದಿನಲ್ಲಿ ಬಗ್ಗಿ ಇಣುಕಿದರೆ ಒಂದೇ ಒಂದು ಪದ ಕಾಣುತ್ತಿತ್ತು: ‘ಅಯ್ಯೋ’.

“ಇದು ಯಾರು ಹೇಳೋ ಅಯ್ಯೋ ರೀ?” ಎಂದಳು.

“ರಾಣೀದಿರಬೇಕು.”

“ದುಃಖದ್ದೋ ಸಂತೋಷದ್ದೋ?”

“ಅದು ಇಲ್ಲಿ ಕಾಣಿಸ್ತಿಲ್ಲ.”

ಅವಳು ಒಳಗೆ ಹೋಗಿ ಈಳಿಗೆಮಣೆ ತಂದಳು. “ಹಿಡ್ಕೊಳ್ಳಿ, ಒಂದು ನಿಮಿಷದ ಕೆಲಸ.”

ನಾನು ಪುಸ್ತಕವನ್ನು ಎದೆಗವಚಿಕೊಂಡೆ. ಏಕೆಂದರೆ ಮೊದಲ ಹಾಳೆಯ ಹಿಂಬದಿಯಲ್ಲಿ ಎರಡು ಸಾಲು ಅಚ್ಚಾಗಿದ್ದವು. ಒಂದು: ‘ಗ್ರಂಥಕರ್ತರ ಲಿಖಿತ ಅನುಮತಿಯಿಲ್ಲದೆ ಈ ನಾಟಕವನ್ನು ಯಾರೂ ಆಡಕೂಡದು.’ ಎರಡು: ‘ಗ್ರಂಥಕರ್ತರ ಸಹಿಯಿಲ್ಲದ ಪ್ರತಿಯು ಕಳವಾದದ್ದೆಂದು ಭಾವಿಸಲ್ಪಡುವುದು.’ ನಮ್ಮ ಪ್ರತಿಯಲ್ಲಿ ಸಹಿ ಇರಲಿಲ್ಲ. ಅಂದಮೇಲೆ ನಾನು ಎದೆಗವಚಿಕೊಂಡಿದ್ದು, ಅಚ್ಚಾದ ಪ್ರಕಾರ, ಕಳ್ಳಮಾಲು. ಕಳ್ಳಮಾಲನ್ನು ಈಳಿಗೆಮಣೆಯಿಂದ ಕೊಯ್ಯುವುದು ಎಲ್ಲಿಯ ನ್ಯಾಯ?

“ಮೊದಲು ಅನುಮತಿ, ಆಮೇಲೆ ಕತ್ತರಿ” ಎಂದೆ. “ಅಲ್ಲದೆ ಮೊದಲೇ ತಿಳಿದುಬಿಟ್ಟರೆ ರುಚಿ ಇರಲ್ಲ. ರಂಗದ ಮೇಲೆ ನೋಡುವೆಯಂತೆ. ನಾನೂ ಓದಲ್ಲ. ಆಯ್ತಾ?”

ಅವಳು ಈಳಿಗೆಮಣೆಯನ್ನು ಒಳಗೆ ಇಟ್ಟಳು. ಅಂದು ಬದನೆಕಾಯಿ ಹೋಳುಗಳು ಬಹಳ ದಪ್ಪಗಿದ್ದವು.

ನಮ್ಮ ಹೆಡ್‌ಮೇಷ್ಟ್ರು ಕೊತ್ತತ್ತಿಯವರು, ನೇರ ಮಾತಿನ ಮನುಷ್ಯ. “ಏನ್ರೀ ಮೇಷ್ಟ್ರೇ, ಅಪ್ಪಣೆ ಗಿಪ್ಪಣೆ! ನಮ್ಮೂರಲ್ಲಿ ವರ್ಸಕ್ಕೆ ನಾಲ್ಕು ನಾಟ್ಕ ಆಡ್ತಾರೆ, ಯಾವನ್ನ ಕೇಳವ್ರೆ? ಸುಮ್ಕೆ ಆಡ್ಸಿ ಬುಡ್ರಿ!” ಎಂದರು.

“ಅಚ್ಚಾಗಿದೆ ಸಾರ್” ಎಂದೆ.

ಅವರು ಹಣೆ ಒತ್ತಿಕೊಂಡರು. ಹುಡುಗರು ಮೂರು ಅಂಕಗಳ ಮಾತನ್ನು ನಕಲು ಮಾಡಿಕೊಂಡು ಬಾಯಿಪಾಠಕ್ಕೆ ತೊಡಗಿದರು. ನಾಲ್ಕನೆಯದನ್ನು ಅನುಮತಿ ಬಂದಮೇಲೆ ಬಿಡಿಸುವುದೆಂದಾಯಿತು. ನಾನು ಮಳವಳ್ಳಿಗೆ ಅರ್ಜಿ ಬರೆದೆ. ಉತ್ತರ ಬಂದದ್ದು ಮಂಡ್ಯದಿಂದ! ತಮ್ಮಣ್ಣಯ್ಯನವರ ಮಗ ಅಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತೆ. ತಂದೆಯ ಟಪಾಲೆಲ್ಲ ಅವರ ಕೈಗೇ ಬರುತ್ತದಂತೆ. ‘ಬಂದು ಕಾಣಿ’ ಎಂದಿತ್ತು. ಹೋದ ಶನಿವಾರ ಮಧ್ಯಾಹ್ನದ ರೈಲಿಗೆ ಹೋಗಿ ಕಂಡೆ.

ಕಾರ್ಖಾನೆಯ ಹೊರಗೆ ಬೈಸಿಕಲ್ ಹಿಡಿದುಕೊಂಡೇ ಅವರು ಮಾತಾಡಿದರು. “ಸುಮ್ನೆ ಆಡ್ಕೊಳ್ಳಿ ಮೇಷ್ಟ್ರೇ. ಬೇಕಾದ್ರೆ ಒಪ್ಪಿಗೆ ನಾನು ಬರ್ಕೊಡ್ತೀನಿ.”

“ಗ್ರಂಥಕರ್ತರ ಅನುಮತಿ ಎಂದು ಅಚ್ಚಾಗಿದೆ. ಗ್ರಂಥಕರ್ತರ ಮಗನ ಅನುಮತಿ ಎಂದಿಲ್ಲ” ಎಂದು ವಿನಯದಿಂದ ತಿಳಿಸಿದೆ.

ಅವರು ನನ್ನನ್ನು ಕೊಡೆಯಿಂದ ಚಪ್ಪಲಿಯವರೆಗೆ ನೋಡಿದರು. “ನಮ್ಮಪ್ಪನಿಗೆ ತಕ್ಕ ಗಿರಾಕಿ ನೀವು! ಹೋಗಿ ಹಾಗಾದ್ರೆ. ಆದ್ರೆ ಒಂದು ಮಾತು. ಪುಸ್ತಕ ಮಾತ್ರ ತಗೊಂಡು ಹೋಗ್ಬೇಡಿ.”

“ಏಕೆ ಸ್ವಾಮಿ?”

ಅವರು ಹೇಳಲು ಬಾಯಿ ತೆರೆದರು. ಕಾರ್ಖಾನೆಯ ಸೀಟಿ ಕೂಗಿತು. ಬೈಸಿಕಲ್ ಹತ್ತಿ ಒಳಗೆ ಹೋಗಿಬಿಟ್ಟರು. ಕಾರಣ ಹೇಳದ ಸಲಹೆಯನ್ನು ಪಾಲಿಸುವುದು ಹೇಗೆ? ಅದೂ ಬಾಯಿಮಾತಿನದು. ಅಚ್ಚಾಗಿರಲಿಲ್ಲ!

ಹೀಗೆ ಈ ಭಾನುವಾರ ಬಂತು. ಮುಂದಿನ ಭಾನುವಾರ ವಾರ್ಷಿಕೋತ್ಸವ.

“ನಾನೂ ಬರ್ತೀನಿ” ಎಂದಳು ನಂಜಮ್ಮ.

“ಇದು ಕಛೇರಿ ವ್ಯವಹಾರ ಕಣೇ.”

“ನಾನೇನು ಸಹಿ ಹಾಕ್ತೀನಿ ಅಂದ್ನೇ? ಸಾತಮ್ಮತ್ತೆನ ನೋಡಿ ಬರ್ತೀನಿ.” ಸಾತಮ್ಮನವರೆಂದರೆ ತಮ್ಮಣ್ಣಯ್ಯನವರ ಹೆಂಡತಿ. ಅಷ್ಟರಲ್ಲೇ ಇವಳು ಸೀರೆ ಉಟ್ಟಾಗಿತ್ತು. ಮಲ್ಲಿಗೆ ಕಟ್ಟಿಯಾಗಿತ್ತು. ನನ್ನ ತೀರ್ಮಾನ ಕೇಳುವ ಮೊದಲೇ ಬಾಗಿಲಿಗೆ ಬೀಗವನ್ನೂ ಹಾಕಿದ್ದಳು.

ಬಸ್ಸಿನಲ್ಲಿ ಅವಳ ಪಕ್ಕ ಕೋಳಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಒಬ್ಬ ಗೌಡತಿ ಕೂತಿದ್ದಳು. ನಾಲೆಯ ನೀರು ಹರಿದ ಕಡೆಯೆಲ್ಲ ಹೊಸ ಕಬ್ಬು ಆಳೆತ್ತರ ನಿಂತಿತ್ತು. ನಂಜಮ್ಮ ಕತ್ತು ಹೊರಳಿಸಿ ಹೊರಳಿಸಿ ನೋಡುತ್ತಿದ್ದಳು, ತನಗೆ ಗೊತ್ತಿದ್ದ ಯಾವುದೋ ಒಂದು ಮರವನ್ನು ಹುಡುಕುತ್ತಿದ್ದಂತೆ.

“ಎಲ್ಗಮ್ಮ ಒಂಟಿದ್ದೀರಿ?” ಎಂದಳು ಗೌಡತಿ.

“ಮಳವಳ್ಳಿಗೆ. ತವರಿಗೆ.”

ನನಗೆ ಕಸಿವಿಸಿಯಾಯಿತು. ಅವಳ ತಂದೆತಾಯಿ ತೀರಿಹೋಗಿ ಹತ್ತು ವರ್ಷವಾಯಿತು. ಅಣ್ಣ ಮನೆಯನ್ನು ಬೆಲ್ಲದ ಸಾಹುಕಾರರಿಗೆ ಮಾರಿ ಮೈಸೂರು ಸೇರಿದ್ದಾನೆ.

“ತೌರಲ್ಲಿ ಯಾರವ್ರೆ?”

“ಈಗ ಯಾರೂ ಇಲ್ಲ ಕಣಮ್ಮ. ಒಂದು ಗೋಡೆ ಇದೆ.”

ಗೌಡತಿ ಬುಟ್ಟಿಯ ಮೇಲೆ ಬಗ್ಗಿ ನಕ್ಕಳು. “ಗ್ವಾಡೆ ನೋಡಕ್ಕೆ ಬಸ್ಸಲ್ ಓಯ್ತಾ ಇದ್ದೀರಾ? ಸರ್ಯಾಗದೆ ಬುಡಿ!” ಆಮೇಲೆ ನಂಜಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. “ನೋಡ್ಕಂಡ್ ಬನ್ನಿ ತಾಯಿ. ಗ್ವಾಡೆ ಆದ್ರೂ ನಮ್ದೇ ಅಲ್ವಾ” ಎಂದಳು.

ಮಳವಳ್ಳಿಯಲ್ಲಿ ಆ ಬೀದಿಗೆ ಬಂದಾಗ ನಂಜಮ್ಮನ ಕಾಲು ತಾನಾಗಿ ಹಳೆಯ ಮನೆಯ ಕಡೆಗೆ ತಿರುಗಿತು. ಬಾಗಿಲಿಗೆ ಬೀಗ. ಒಳಗಿನಿಂದ ಬೆಲ್ಲದ ವಾಸನೆ. ಜಗಲಿಯ ಮೇಲೆ ಇರುವೆಗಳ ಸಾಲು. ಅವಳು ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ನಾನು ಗಡಿಯಾರ ನೋಡಿಕೊಂಡು ಕೆಮ್ಮಿದೆ. ಈಗ ನೆನೆದರೆ ಆ ಕೆಮ್ಮಿಗೇ ನನಗೆ ಮುಂದಿನ ಶಿಕ್ಷೆಯೆಲ್ಲ ಆಯಿತೋ ಏನೋ.

ಪಕ್ಕದ ಮನೆಯ ಬಾಗಿಲಲ್ಲೇ ಸಾತಮ್ಮನವರು “ಅಯ್ಯೋ ನಮ್ಮ ನಂಜೂ!” ಎಂದು ಅವಳ ಕೈ ಹಿಡಿದು ಎಳೆದುಕೊಂಡು ಹೋದರು, ಇಬ್ಬರೂ ಅಡಿಗೆಮನೆಯಲ್ಲಿ ಮಾಯವಾದರು. ನಾನು ಜಗಲಿಯ ಮೇಲೆ ನಿಂತು ಕೈಮುಗಿದೆ. ತಮ್ಮಣ್ಣಯ್ಯನವರು ಕಡ್ಡಿಯಂಥ ಮುದುಕರು. ಕನ್ನಡಕಕ್ಕೆ ದಾರ. ಹೆಗಲ ಮೇಲೆ ಮಡಿಸಿದ ವಸ್ತ್ರ.

“ಏನು ಬಂದದ್ದು?” ಎಂದರು.

“ತಮ್ಮ ‘ಧೀರಕೇತು’ ನಾಟಕವನ್ನು ಆಡಲು ಲಿಖಿತ ಅನುಮತಿ ಬೇಡಲು ಬಂದಿದ್ದೇನೆ” ಎಂದು ಅರ್ಜಿ ಮುಂದಿಟ್ಟೆ.

ಅವರು ಊಟ ಬಿಟ್ಟು ಏಳುವ ಹಾಗೆ ಎದ್ದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಕೂಗಿದರು: “ಲೇ, ಬಂದ್ರು ಕಣೇ!”

“ಯಾರ್ರೀ?” ಎಂದಿತು ಒಳಗಿನ ದನಿ.

“ಕೇಳೋಕೆ ಬಂದೋರು!”

ಹೋಗಿ ಒಂದು ತಗಡಿನ ಪೆಟ್ಟಿಗೆ ಎಳೆದು ತಂದರು. ಅದರೊಳಗೆ ದಾರ ಕಟ್ಟಿದ ಕಾಗದದ ಕಟ್ಟು. ದಾರ ಬಿಚ್ಚಿದರು. ನೂರು ಅನುಮತಿ ಪತ್ರಗಳು! ಅಚ್ಚು ಹಾಕಿಸಿದ್ದು, ನಂಬರಿನ ಸಮೇತ, ನಿಬಂಧನೆಗಳ ಸಮೇತ. “ಪುಸ್ತಕದ ಜೊತೇಲೇ ಹಾಕಿಸಿದ್ದು. ಜನ ಬಂದು ಕೇಳಿದಾಗ ತಡವಾಗಬಾರದಲ್ಲ ಅಂತ” ಎಂದರು. ಆಮೇಲೆ ಮೆಲ್ಲಗೆ, “ಇಪ್ಪತ್ತೆರಡು ವರ್ಷ. ಒಬ್ಬನೂ ಬರಲಿಲ್ಲ ಮೇಷ್ಟ್ರೇ” ಎಂದರು.

ಎಲ್ಲಕ್ಕಿಂತ ಮೇಲಿನ ಹಾಳೆಯನ್ನು ತೆಗೆದು ಊದಿದರು. ನಂಬರು ಒಂದು.

ನಿಬಂಧನೆಗಳನ್ನು ಓದುತ್ತ ಓದುತ್ತ ನನಗೆ ಕಣ್ಣು ತುಂಬಿತು. ನಿಬಂಧನೆ ಒಂದು: ಯಾವ ಅಂಕವನ್ನಾಗಲಿ, ಹಾಡನ್ನಾಗಲಿ, ಮಾತನ್ನಾಗಲಿ ಬಿಟ್ಟು ಆಡಕೂಡದು. ಎರಡು: ಗ್ರಂಥಕರ್ತರಿಗೆ ಮುಂದಿನ ಸಾಲಿನಲ್ಲಿ ಕೈಯುಳ್ಳ ಕುರ್ಚಿ. ಮೂರು: ಮಳವಳ್ಳಿಯ ಖಾಯಂ ನಿವಾಸಿಗಳೂ ಗ್ರಂಥಕರ್ತರಿಗೆ ಬಂಧುಗಳಲ್ಲದವರೂ ಆದ ಇಬ್ಬರು ಸಾಕ್ಷಿಗಳ ರುಜು. ಆಹಾ! ಈ ಲೋಕದಲ್ಲಿ ನನ್ನಂಥವನು ಇನ್ನೊಬ್ಬನಿದ್ದಾನೆ! ಆ ಉತ್ಸಾಹದಲ್ಲಿ, ಕೇಳದಿದ್ದರೂ, ನಾನೇ ಬಾಯಿ ತೆರೆದೆ.

“ಇನ್ನೊಂದು ವಿಜ್ಞಾಪನೆ. ನಮ್ಮ ಪ್ರತಿಯಲ್ಲಿ ತಮ್ಮ ಸಹಿ ಇಲ್ಲ. ದಯಮಾಡಿ ಹಾಕಿಕೊಡಬೇಕು.” ಚೀಲದಿಂದ ಪುಸ್ತಕ ತೆಗೆದೆ. ಮಂಡ್ಯದ ಬೈಸಿಕಲ್ಲು ಒಮ್ಮೆ ಕಣ್ಣ ಮುಂದೆ ಹಾದುಹೋಯಿತು. ಹೋಗಲಿ ಎಂದು ಬಿಟ್ಟೆ.

ಅವರು ಪುಸ್ತಕ ಇಸಕೊಂಡರು. ತೆರೆಯಲಿಲ್ಲ. ಮೂಗಿನ ಹತ್ತಿರ ಹಿಡಿದರು. “ಅಟ್ಟದ ಮೇಲೆ ನಾನೂರು ಪ್ರತಿ ಇಟ್ಟಿದ್ದೆ” ಎಂದರು. “ಗೆದ್ದಲು ಒಂದು ಹಾಳೆ ಉಳಿಸಲಿಲ್ಲ. ಬರೆದ ಕಾಗದ ಕಂಪನಿಯವನು ಹೊತ್ತುಕೊಂಡು ಹೋದ. ಮೂರು ಅಂಕ ನೆನಪಿದೆ. ನಾಲ್ಕನೇದು ಮರೆತುಹೋಯ್ತು. ನಾನೇ ಬರೆದದ್ದು, ನೋಡಿ. ಮರೆತುಹೋಯ್ತು.”

ಸುಮ್ಮನಿದ್ದರೆ ಮುಗಿಯುತ್ತಿತ್ತು. ಮತ್ತೆ ಮಾತಾಡಿದೆ! “ಸಹಿ?” ಎಂದೆ.

ಆ ಒಂದು ಮಾತಿಗೆ ಮುದುಕರಲ್ಲಿ ಶಿರಸ್ತೇದಾರರು ಎದ್ದು ಕೂತರು. ಕನ್ನಡಕ ಏರಿಸಿಕೊಂಡರು. “ಸಹಿ ಇಲ್ಲದ ಪ್ರತಿ ಅಂದಿರಿ. ಒಳಗೆ ಎರಡನೇ ಸಾಲು ಏನು ಅಚ್ಚಾಗಿದೆ, ಗಟ್ಟಿಯಾಗಿ ಓದಿ.”

ಓದಿದೆ. “ಕಳವಾದದ್ದೆಂದು ಭಾವಿಸಲ್ಪಡುವುದು.”

“ಓದಿದವರು ಯಾರು?”

“ನಾನೇ.”

“ಹಾಗಾದರೆ ತಕರಾರಿಲ್ಲ. ಮಾಲು ಜಪ್ತಿ.” ಪುಸ್ತಕ ಅವರ ವಸ್ತ್ರದೊಳಗೆ ಹೋಯಿತು.

“ಸ್ವಾಮಿ, ಪುಸ್ತಕ ಇಲ್ಲದೆ ನಾಟಕ ಆಡೋದು ಹೇಗೆ?”

“ಆಡಿ! ಅನುಮತಿ ಕೊಡ್ತಾ ಇದ್ದೀನಲ್ಲ!” ಎಂದು, ಕಾಗದ ನನ್ನ ಕೈಗಿತ್ತು, “ಹೋಗಿ, ಸಾಕ್ಷಿಗಳನ್ನು ಹುಡುಕ್ಕೊಂಡು ಬನ್ನಿ. ಅಷ್ಟರಲ್ಲಿ ನಾನು ಇದನ್ನು ಒಂದು ಸಲ ಪರಿಶೀಲಿಸ್ತೀನಿ” ಎಂದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸರಿ, ಪರಿಶೀಲಿಸಲಿ, ಆಮೇಲೆ ಕೈಕಾಲು ಹಿಡಿದಾದರೂ ಕೇಳೋಣ ಎಂದು ಸಾಕ್ಷಿಗೆ ಹೊರಟೆ. ಕಾಫಿ ಕ್ಲಬ್ಬಿನ ಭಟ್ಟರು ಹತ್ತೊಂಬತ್ತು ವರ್ಷದಿಂದ ಮಳವಳ್ಳಿಯಲ್ಲಿದ್ದರೂ ‘ಖಾಯಂ’ ಎಂಬ ಮಾತಿಗೆ ಹೆದರಿದರು. ನಾನು ಎರಡು ಲೋಟ ಕಾಫಿ ಕುಡಿದ ಮೇಲೆ ಒಪ್ಪಿದರು. ಎರಡನೆಯ ಸಾಕ್ಷಿಗೆ ಬಿಸಿಲಲ್ಲಿ ಮೂರು ಬೀದಿ ಅಲೆದೆ. ಕೊನೆಗೆ ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದ ಒಬ್ಬ ಗೌಡರು ಸಿಕ್ಕರು.

“ನಾಟ್ಕ ಆಡಕ್ಕೆ ಸಾಕ್ಸಿ ಯಾಕ್ ಸ್ವಾಮಿ? ಇದ್ರಾಗೆ ಜಮೀನಿನ್ ಇಸ್ಯ ಏನಾರ ಅದಾ?”

“ಇಲ್ಲ ಗೌಡರೇ. ಬರೀ ನಾಟಕ.”

“ಅಂಗೇ ಅಂತಾರೆ. ನಮ್ ಚಿಕ್ಕಪ್ಪನ್ಗೂ ಬರೀ ಕಾಗ್ದ ಅಂದಿದ್ರು. ಮೊದ್ಲು ಓದಿ ನೋಡುವಾ.”

ಗಾಡಿಯ ಮೂಕಿಯ ಮೇಲೆ ಕೂತು ಅವರಿಗೆ ಮೂರು ನಿಬಂಧನೆಗಳನ್ನೂ ಎರಡೆರಡು ಸಲ ಓದಿದೆ. ಕತೆ ಕೇಳಿದರು; ಹೇಳಿದೆ. ಬಾಗಿಲು ತಟ್ಟುವಲ್ಲಿಗೆ ನಿಲ್ಲಿಸಿದೆ.

“ಆಮ್ಯಾಕೆ? ಯಾರ್ ಬಂದಿದ್ದು?”

“ಗೊತ್ತಿಲ್ಲ.”

“ಗೊತ್ತಿಲ್ದೆ ಆಡ್ಸಕ್ಕೆ ಒಂಟವ್ರೆ!” ಎಂದು ಗೌಡರು ಎತ್ತಿಗೆ ಹೇಳಿದರು. ಆದರೂ ಗಾಡಿಯ ಎಣ್ಣೆಯನ್ನೇ ಬೆರಳಿಗೆ ಬಳಿದುಕೊಂಡು ಒಂದು ಹೆಬ್ಬೆಟ್ಟು ಒತ್ತಿದರು.

ಒಂದೂವರೆ ಗಂಟೆ ಕಳೆದು ಮನೆ ಸೇರಿದೆ. ಮನೆ ನಿಶ್ಶಬ್ದವಾಗಿತ್ತು. ಅಡಿಗೆಮನೆಯಿಂದ ನಂಜಮ್ಮ ನೀರು ತಂದುಕೊಟ್ಟಳು. ಕಣ್ಣು ಕೆಂಪಗೆ ಊದಿಕೊಂಡಿತ್ತು. ಹಿಂದೆ ನಿಂತ ಸಾತಮ್ಮನವರ ಕಣ್ಣೂ ಅಷ್ಟೇ.

“ಏನಾಯ್ತೇ?”

“ಏನಿಲ್ಲ. ಈರುಳ್ಳಿ ಹೆಚ್ಚುತಿದ್ವಿ.”

ತಮ್ಮಣ್ಣಯ್ಯನವರ ಮನೆಯಲ್ಲಿ ಈರುಳ್ಳಿ ಹೊಸಿಲು ದಾಟುವುದಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ!

ಶಿರಸ್ತೇದಾರರು ಹೊರಗೆ ಬಂದರು. ಗಂಟಲು ಕಟ್ಟಿತ್ತು. ಗೌಡರ ಹೆಬ್ಬೆಟ್ಟಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿ, ಸಹಿ ಹಾಕಿ, ನಂಬರು ಒಂದನ್ನು ಎರಡು ಕೈಯಲ್ಲಿ ಕೊಟ್ಟರು. ಪುಸ್ತಕ ಕೇಳಿದೆ. ಕೈಕಾಲು ಹಿಡಿಯುವುದೊಂದು ಬಾಕಿ.

“ನಾಲ್ಕನೇ ಅಂಕ ನಾನೇ ಕೈಯಾರೆ ಪ್ರತಿ ಮಾಡಿ ಕಳಿಸ್ತೀನಿ ಮೇಷ್ಟ್ರೇ. ಒಂದೆರಡು ಕಡೆ ಪ್ರಾಸ ಸರಿಯಿಲ್ಲ, ತಿದ್ದಬೇಕು. ಯುಗಾದಿ ಹೊತ್ತಿಗೆ ಮುಟ್ಟುತ್ತೆ.”

“ನಮ್ಮ ಉತ್ಸವ ಮುಂದಿನ ಭಾನುವಾರ!”

“ಹಾಗಾದ್ರೆ ಉತ್ಸವವನ್ನು ಯುಗಾದಿಗೆ ಇಟ್ಟುಕೊಳ್ಳಿ” ಎಂದರು, ಬಹಳ ಸೌಜನ್ಯದಿಂದ. ವಸ್ತ್ರದೊಳಗೆ ಪುಸ್ತಕವನ್ನು ಒತ್ತಿಕೊಂಡಿದ್ದ ಆ ಕೈ ನೋಡಿ ನಾನು ಬರಿಯ ಚೀಲವನ್ನು ಹೆಗಲಿಗೇರಿಸಿದೆ. ಅಷ್ಟು ದಿನ ಕಾದವರ ಕೈಯಿಂದ ಕಿತ್ತುಕೊಳ್ಳುವುದಕ್ಕೆ ಯಾವ ನಿಬಂಧನೆಯಲ್ಲೂ ಅವಕಾಶವಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ನನ್ನ ಸಾಧನೆಯನ್ನು ಲೆಕ್ಕದ ಮೇಷ್ಟ್ರ ಕ್ರಮದಲ್ಲಿ ಬಿಡಿಸಿ ನೋಡಿದೆ. ಅನುಮತಿ ಕೇಳದಿದ್ದರೆ ನಾಲ್ಕು ಅಂಕವನ್ನೂ ಆಡಬಹುದಿತ್ತು. ಕೇಳಿ, ಪುಸ್ತಕ ಮನೆಯಲ್ಲೇ ಬಿಟ್ಟು ಹೋಗಿದ್ದರೆ ಅನುಮತಿಯೂ ಇರುತ್ತಿತ್ತು, ಪುಸ್ತಕವೂ ಇರುತ್ತಿತ್ತು. ಈಗ ಹುಡುಗರ ಕೈಯಲ್ಲಿ ಮೂರು ಅಂಕವಿದೆ. ನನ್ನ ಜೇಬಿನಲ್ಲಿ ಮೂರೇ ಅಂಕ ಆಡಕೂಡದೆಂಬ ಅನುಮತಿಯಿದೆ! ಇಡೀ ಸೀಮೆಯಲ್ಲಿ ‘ಧೀರಕೇತು’ವನ್ನು ಆಡಬಾರದೆಂದು ಲಿಖಿತವಾಗಿ ಕಟ್ಟಿಹಾಕಿಸಿಕೊಂಡವನು ನಾನೊಬ್ಬನೇ. ಮುಂದಿನ ಭಾನುವಾರ ಹುಡುಗರು ಡ್ರಿಲ್ ಮಾಡುತ್ತಾರೆ. ಹೆಡ್‌ಮೇಷ್ಟ್ರು ಏನು ಮಾಡುತ್ತಾರೋ ತಿಳಿಯದು.

ಅದೆಲ್ಲ ಹೋಗಲಿ. ಪಕ್ಕದಲ್ಲಿ ಕೂತವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಬ್ಬಿನ ಗದ್ದೆಯ ಕಡೆಗೆ ತಿರುಗಿಕೊಂಡೇ ಹೇಳಿದೆ: “ನಂಜೂ, ನಿನಗೋಸ್ಕರ ಹೊರಟದ್ದು. ಇನ್ನೂ ಕಾಯೋ ಹಾಗೆ ಮಾಡಿಬಿಟ್ಟೆ. ಅವತ್ತು ಈಳಿಗೆಮಣೆ ತಂದಾಗ ನಾನು ಸುಮ್ನಿರಬೇಕಿತ್ತು.”

“ಬಿಡಿ, ಪರವಾಗಿಲ್ಲ” ಎಂದಳು. ದನಿಯಲ್ಲಿ ಬೇಸರವೇ ಇರಲಿಲ್ಲ. ಎಂಥ ತಾಳ್ಮೆಯ ಹೆಂಗಸು ಎಂದುಕೊಂಡೆ. ನನ್ನ ಪಾಪ ಇನ್ನಷ್ಟು ಭಾರವಾಯಿತು.

ದೀಪ ಹಚ್ಚುವ ಹೊತ್ತಿಗೆ ಮದ್ದೂರು. ಅವಳು ಬೀಗ ತೆಗೆದು ಒಳಗೆ ಹೋದಳು. ನಾನು ಪಕ್ಕದ ಮನೆಗೆ ಹೋಗಿ ಎಮ್ಮೆಯ ಕ್ಷೇಮ ಸಮಾಚಾರ ವಿಚಾರಿಸಿಕೊಂಡು ಬರುವಷ್ಟರಲ್ಲಿ ಗಾಳಿಗೆ ಬಾಗಿಲು ಹಾಕಿಕೊಂಡು ಅಗಳಿ ಬಿದ್ದಿತ್ತು. ತಟ್ಟಿದೆ. ಒಂದು, ಎರಡು, ಮೂರು.

ಒಳಗೆ ಪಾತ್ರೆಯ ಸದ್ದು ನಿಂತಿತು. ಪ್ರತಿ ಸಲದ ಹಾಗೆಯೇ. ಆಮೇಲೆ ನಗು ಕೇಳಿಸಿತು. ಪ್ರತಿ ಸಲದ ಹಾಗಲ್ಲ.

“ಯಾರು?”

“ಇನ್ಯಾರು? ನಾನೇ!”

“ಹೂಂ. ಅವನೂ ಹಾಗೇ ಅಂದ.”

“ಯಾವನು?”

ಅಗಳಿ ತೆಗೆದಳು. ಹಿಂದಿನ ದೀಪದ ಬೆಳಕಿನಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. “ಕೋಟೆ ಬಾಗಿಲು ತಟ್ಟಿದೋನು” ಎಂದಳು.

ನಾನು ಹೊಸಿಲ ಮೇಲೆಯೇ ನಿಂತೆ.

“ಶಿರಸ್ತೇದಾರ್ ಮಾವ ಕೋಣೆಗೆ ಹೋಗಿ ನಾಲ್ಕನೇ ಅಂಕದಿಂದಲೇ ಶುರು ಮಾಡಿದ್ರು. ಓದಿದ್ದಲ್ಲ, ಆಡಿದ್ದು! ರಾಜನ ದನಿ, ರಾಣಿ ದನಿ, ಹಾಡು, ಎಲ್ಲಾ. ಅಡಿಗೆಮನೆ ಗೋಡೆಗೆ ಕಿವಿ ಇಟ್ಟು ನಾನೂ ಸಾತಮ್ಮತ್ತೇನೂ ಕೂತಿದ್ವಿ. ಅವರೂ ಪಾಪ ಕೊನೆ ಕೇಳಿರಲೇ ಇಲ್ವಂತೆ. ಆಗೆಲ್ಲ ಕಂಪನಿಯೋರಿಗೆ ಕಾಫಿ ಕಾಯಿಸೋದೇ ಆಗಿತ್ತಂತೆ.”

“ಹಾಳೆ ಕತ್ತರಿಸಿರಲಿಲ್ಲವಲ್ಲೇ!”

“ಈಳಿಗೆಮಣೆ ಕೇಳಿದ್ರು. ನಾನೇ ಕೊಟ್ಟೆ.”

ಅವಳು ಹದಿನಾಲ್ಕರಲ್ಲಿ ಒಂದು ಗೋಡೆಯ ಹಿಂದೆ ಕೂತು ಕೇಳಿದ್ದನ್ನು ಇಂದು ಇನ್ನೊಂದು ಗೋಡೆಯ ಹಿಂದೆ ಕೂತು ಕೇಳಿ ಮುಗಿಸಿದ್ದಳು. ಆ ಒಂದೂವರೆ ಗಂಟೆ ನಾನು ಬಿಸಿಲಿನಲ್ಲಿ ಗಾಡಿಯ ಮೂಕಿಯ ಮೇಲೆ ಕೂತು ನಿಬಂಧನೆ ಓದುತ್ತಿದ್ದೆ!

“ಸರಿ, ಹೇಳು. ಬಾಗಿಲು ತಟ್ಟಿದೋನು ಯಾರು? ರಾಜನೇನಾ?”

ಅವಳು ಎಲೆ ಹಾಕುತ್ತ ಹಾಕುತ್ತ ನನ್ನ ಕಡೆ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಅಂಥ ನೋಟ ನಾನು ಕಂಡಿರಲಿಲ್ಲ. “ಮೊದಲೇ ತಿಳಿದುಬಿಟ್ಟರೆ ರುಚಿ ಇರಲ್ಲ ರೀ. ಅನುಮತಿ ಸಿಕ್ಕಿದೆಯಲ್ಲ, ರಂಗದ ಮೇಲೆ ನೋಡುವಿರಂತೆ.”

“ಆ ಅಯ್ಯೋ ಆದರೂ ಯಾರದು, ಹೇಳೇ!”

“ಯುಗಾದಿ ಕಳೀಲಿ.”

ಊಟಕ್ಕೆ ಸಾತಮ್ಮನವರು ಕಟ್ಟಿಕೊಟ್ಟ ಪುಳಿಯೋಗರೆ, ಮಜ್ಜಿಗೆ ಮೆಣಸಿನಕಾಯಿ, ನಮ್ಮ ಎಮ್ಮೆಯ ಮೊಸರು. ಅವಳು ಎರಡನೆಯ ಸಲ ಬಡಿಸಿಕೊಂಡಳು; ನನಗೆ ಸೇರಲಿಲ್ಲ. ಅನುಮತಿ ಪತ್ರ ನಂಬರು ಒಂದನ್ನು ಮಡಿಸಿ ಪಂಚಾಂಗದೊಳಗೆ ಇಟ್ಟೆ. ಮೊದಲು ಮಲಗಿ ನಿದ್ದೆ ಹೋದವಳು ಅವಳು, ಮದುವೆಯಾದಾಗಿನಿಂದ ಇದೇ ಮೊದಲ ಸಲ. ನಾನು ಇನ್ನೂ ಎಚ್ಚರವಾಗಿದ್ದೇನೆ, ಯಾರಾದರೂ ಬಾಗಿಲು ತಟ್ಟುತ್ತಾರೇನೋ ಎಂದು.